ಕುಂಚಿಗೆಯ ತೂಕ

ಪ್ರೊಫೆಸರ್ ವಿರೂಪಾಕ್ಷ ಕೊಣ್ಣೂರರ ಹೆಸರಿನಲ್ಲಿ ನಾನೂರ ಹದಿನೇಳು ಸಂಶೋಧನಾ ಲೇಖನಗಳು ಪ್ರಕಟವಾಗಿದ್ದವು. ಆಡಿನ ಪಿತ್ತಕೋಶದ ಹುಳು, ಬಾವಿ ನೀರಿನ ಫ್ಲೋರೈಡ್ ಕುಡಿದು ಕಂದಿದ ಹಲ್ಲು, ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು, ನವಜಾತ ಶಿಶುಗಳ ರಕ್ತನಂಜು, ಕೊಳಕುಮಂಡಲ ಹಾವಿನ ಕಡಿತ - ವೈದ್ಯಕೀಯ ಮತ್ತು ಜೀವವಿಜ್ಞಾನದಲ್ಲಿ ಅವರ ಹೆಸರು ಹೋಗದ ಮೂಲೆ ಕಡಿಮೆ. ಅವುಗಳಲ್ಲಿ ತಾವೇ ಕೂತು ಬರೆದವು ಅರವತ್ತನ್ನು ದಾಟವು ಎಂಬುದು ಅವರಿಗೆ ಗೊತ್ತಿತ್ತು. ಸಂಸ್ಥೆಯಿಂದ ಏನೇ ಪ್ರಕಟವಾಗಲಿ, ವಿಭಾಗದ ಮುಖ್ಯಸ್ಥರ ಹೆಸರು ಕೊನೆಯಲ್ಲಿ ಇರಬೇಕು. ಅವರಿಗಿಂತ ಹಿಂದಿನವರೂ ಹಾಗೆಯೇ ಹಾಕಿಸಿಕೊಂಡಿದ್ದರು. ಅದು ತಪ್ಪೆಂದು ಯಾರಿಗೂ ಅನ್ನಿಸಿರಲಿಲ್ಲ, ಹೊಣೆ ಕಾಯಿದೆ ಬರುವವರೆಗೆ.

ಕಾಯಿದೆ ಬಂದು ಎಂಟು ವರ್ಷವಾಗಿತ್ತು. ಅಷ್ಟು ಹೊತ್ತಿಗೆ ರಾಜ್ಯದ ಆಸ್ಪತ್ರೆಗಳಲ್ಲಿ ಯಾವ ರೋಗಿಗೆ ಯಾವ ಔಷಧ, ಎಷ್ಟು, ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ವೈದ್ಯರು ಹೇಳುವುದು ನಿಂತುಹೋಗಿತ್ತು. 'ನಿರ್ಣಯ' ಎಂಬ ಯಂತ್ರವ್ಯವಸ್ಥೆ ಜಗತ್ತಿನ ಪ್ರಕಟಿತ ಲೇಖನಗಳನ್ನೆಲ್ಲ ಓದಿ, ರೋಗಿಯ ರಕ್ತ, ತೂಕ, ವಯಸ್ಸು ನೋಡಿ ಪ್ರಮಾಣ ಗೊತ್ತುಮಾಡುತ್ತಿತ್ತು. ಔಷಧದ ಕಪಾಟಿನ ಬೀಗವೂ ಅದರ ಕೈಯಲ್ಲಿತ್ತು. ಅದು ಹೇಳಿದಷ್ಟೇ ಔಷಧ ಹೊರಗೆ ಬರುತ್ತಿತ್ತು, ಒಂದು ಹನಿ ಹೆಚ್ಚಿಲ್ಲ. ಮೊದಲ ವರ್ಷವೇ ಸಾವಿನ ಸಂಖ್ಯೆ ಅರ್ಧಕ್ಕಿಳಿಯಿತು. ಆದರೆ ಯಂತ್ರಕ್ಕೆ ಗೊತ್ತಿರುವುದೆಲ್ಲ ಯಾರೋ ಬರೆದದ್ದು. ಬರೆದವರು ತಪ್ಪಿದ್ದರೆ? ಅದಕ್ಕಾಗಿ ಹೊಣೆ ಕಾಯಿದೆ. ಲೇಖನ ಹೇಳಿದ್ದಕ್ಕೂ ವಾರ್ಡಿನಲ್ಲಿ ಆಗುತ್ತಿರುವುದಕ್ಕೂ ತಾಳೆಯಾಗದಿದ್ದರೆ ಯಂತ್ರ ಲೇಖಕನನ್ನು ಕರೆಯುತ್ತದೆ. ಲೇಖಕ ನಲವತ್ತು ನಿಮಿಷದೊಳಗೆ 'ಬದ್ಧ' ಅನ್ನಬೇಕು, ಇಲ್ಲವೇ 'ಹಿಂತೆಗೆತ' ಅನ್ನಬೇಕು.

ಡಿಸೆಂಬರ್ ಎರಡನೇ ವಾರದ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಸಂಸ್ಥೆಯ ಎರಡನೇ ಮಹಡಿಯ ಹೊಣೆ ಕೊಠಡಿಯಲ್ಲಿ ಕೊಣ್ಣೂರರು ಕನ್ನಡಕ ಒರೆಸಿಕೊಂಡು ಪರದೆಯ ಮುಂದೆ ಕೂತರು.

"ಲೇಖನ ಇನ್ನೂರ ಆರು," ಎಂದಿತು ಯಂತ್ರ, ರೇಡಿಯೋ ವಾರ್ತೆಯವರ ಕನ್ನಡದಲ್ಲಿ. "ನವಜಾತ ಶಿಶುಗಳ ರಕ್ತನಂಜಿಗೆ ನಿಯೋರಿಸಿನ್ ಪ್ರಮಾಣ. ಸಾವಿರದ ಇನ್ನೂರೈವತ್ತು ಗ್ರಾಮಿಗಿಂತ ಕಡಿಮೆ ತೂಕದ ಶಿಶುಗಳಲ್ಲಿ ನೂರಕ್ಕೆ ಹನ್ನೊಂದು ಸಾವು ಎಂದು ಲೇಖನ ಹೇಳುತ್ತದೆ. ಕಳೆದ ಮೂರು ತಿಂಗಳಲ್ಲಿ ಅರವತ್ತೊಂದು ಆಸ್ಪತ್ರೆಗಳಲ್ಲಿ ನೂರಕ್ಕೆ ಹತ್ತೊಂಬತ್ತು. ಇದು ಮೂರನೆಯ ಕರೆ. ನೀವು ಈ ಲೇಖನಕ್ಕೆ ಈಗಲೂ ಬದ್ಧರೇ?"

ಹಿಂದಿನ ಎರಡು ಸಲ ಅವರು 'ಬದ್ಧ' ಅಂದಿದ್ದರು. ಈ ಸಲವೂ ಬಾಯಿ ತೆರೆಯುವುದರಲ್ಲಿ ಬಾಗಿಲು ತಳ್ಳಿಕೊಂಡು ಡಾಕ್ಟರ್ ಜುಬೇದಾ ಮುಲ್ಲಾ ಒಳಗೆ ಬಂದರು. ಈಗ ನವಜಾತ ಶಿಶು ವಾರ್ಡಿನ ಮುಖ್ಯಸ್ಥೆ. ಹದಿನಾರು ವರ್ಷದ ಹಿಂದೆ ಇದೇ ಇನ್ನೂರ ಆರನೇ ಲೇಖನಕ್ಕಾಗಿ ಕೊಣ್ಣೂರರ ಕೈಕೆಳಗೆ ದುಡಿದ ವಿದ್ಯಾರ್ಥಿನಿ. ಲೇಖನದಲ್ಲಿ ಮೊದಲ ಹೆಸರು ಅವರದು, ಕೊನೆಯದು ಕೊಣ್ಣೂರರದು.

"ಬದ್ಧ ಅನಬ್ಯಾಡ್ರಿ ಸರ್."

"ಬಾಗಲಾ ಬಡದು ಒಳಗ ಬರೋದು ಮರ್ತಿ ಏನು?"

"ನನ್ನ ವಾರ್ಡಿನಾಗ ಒಂಬೈನೂರ ಅರವತ್ತು ಗ್ರಾಮಿನ ಕೂಸೈತ್ರಿ. ನಿನ್ನೆಯಿಂದ ನಿಯೋರಿಸಿನ್ ಕೊಡಾಕತ್ತೇವಿ. ನಂಜು ಇಳೀವಲ್ದು. ಕಪಾಟು ಹತ್ತೊಂಬತ್ತು ಮಿಲಿಗ್ರಾಮಿನ ಮ್ಯಾಲ ಏನೂ ಬಿಡವಲ್ದು."

"ಕಿಲೋಕ್ಕ ಇಪ್ಪತ್ತು. ಬರೋಬ್ಬರಿ ಐತಲ್ಲ. ಅಷ್ಟು ಸಣ್ಣ ಕೂಸು ಉಳಿಯೋದು ಕಷ್ಟ, ಅದನ್ನ ಲೇಖನದಾಗೂ ಬರದೇವಿ."

"ಅದನ್ನ ಬರದೇವ್ರಿ. ಕುಂಚಿಗಿ ವಿಷಯ ಬರದಿಲ್ಲ."

ಕೊಣ್ಣೂರರು ಪರದೆಯ ಕಡೆ ನೋಡಿದರು. ನಲವತ್ತು ನಿಮಿಷದ ಗಡಿಯಾರ ಮೂವತ್ನಾಲ್ಕಕ್ಕೆ ಇಳಿದಿತ್ತು.

ಕುಂಚಿಗೆ ಎಂದರೆ ಹಸುಗೂಸಿಗೆ ತಲೆಯಿಂದ ಬೆನ್ನಿನ ಕೆಳಗಿನವರೆಗೆ ಇಳಿಬಿಡುವ ಟೊಪ್ಪಿಗೆಯಂಥ ಹೊದಿಕೆ. ಆ ಸಂಶೋಧನೆಗೆ ಕೂಸುಗಳನ್ನು ಸೇರಿಸಿಕೊಳ್ಳಲು ತಾಯಂದಿರು ಒಪ್ಪುತ್ತಿರಲಿಲ್ಲ. ಆಗ ಕೊಣ್ಣೂರರೇ ಒಂದು ಉಪಾಯ ಹುಡುಕಿದರು: ಸೇರಿದ ಪ್ರತಿ ಕೂಸಿಗೂ ಗುಳೇದಗುಡ್ಡದ ಖಣದ ಬಟ್ಟೆಯಲ್ಲಿ ಹೊಲಿದ ಒಂದು ಕುಂಚಿಗೆ. ಅದು ಚಳಿಗಾಲ. ವಾರ್ಡಿನಲ್ಲಿ ಕೂಸುಗಳನ್ನು ಬೆಚ್ಚಗಿಡುವ ಯಂತ್ರ ಎರಡೇ ಇದ್ದವು. ಜೊತೆಗೆ ಬಂದ ಅಜ್ಜಿಯರಂತೂ ಹಸುಗೂಸನ್ನು ಬೆತ್ತಲೆ ತೂಗಿದರೆ ದೃಷ್ಟಿಯಾಗುತ್ತದೆ ಎಂದು ಕುಂಚಿಗೆ ಬಿಚ್ಚಲು ಬಿಡಲಿಲ್ಲ. ನರ್ಸುಗಳು ಜಗಳ ಏಕೆಂದು ಕುಂಚಿಗೆ ಸಮೇತವೇ ತೂಗಿ ಬರೆದರು. ನೂರ ನಲವತ್ತೆರಡು ಕೂಸುಗಳಾದ ಮೇಲೆ ಜುಬೇದಾರ ಗಮನಕ್ಕೆ ಬಂತು. ಬೇಸಿಗೆಯಲ್ಲಿ ಸೇರಿದ ಉಳಿದ ಕೂಸುಗಳನ್ನು ಬರಿಮೈಯಲ್ಲೇ ತೂಗಿದರು.

"ಆಗ ನಿಮಗ ಹೇಳಿದ್ದೆ," ಅಂದರು ಜುಬೇದಾ. "ಕಾರಿಡಾರಿನಾಗ. ನೀವು ಏನಂದ್ರಿ ನೆನಪೈತೇನ್ರಿ?"

ನೆನಪಿತ್ತು. 'ಅಂಗೈಯಗಲ ಬಟ್ಟಿ, ಐವತ್ತು ಗ್ರಾಮ್ ಇದ್ದೀತು. ಹೋಗ್ಲಿ ಬಿಡು.' ಲೇಖನ ತಿಂಗಳ ಕೊನೆಗೆ ಹೋಗಬೇಕಿತ್ತು. ಡೀನ್ ಹುದ್ದೆಯ ಸಂದರ್ಶನ ಅದರ ಮುಂದಿನ ವಾರ.

"ಐವತ್ತು ಗ್ರಾಮಿಗೆ ಇಷ್ಟು ಕೂಸು ಸಾಯಂಗಿಲ್ಲ," ಅಂದರು ಅವರು ಈಗಲೂ.

"ಐವತ್ತೇ ಅಂತ ತೂಗಿ ನೋಡೀರೇನ್ರಿ? ನಾನೂ ತೂಗಲಿಲ್ಲ. ಅದು ನನ್ನ ತಪ್ಪು. ಆದ್ರ ನೋಟ್‌ಬುಕ್ಕಿನಾಗ ಗುರುತು ಹಾಕೀನಿ, ಯಾವ ಕೂಸು ಕುಂಚಿಗಿ ಸಮೇತ, ಯಾವುದು ಬಿಟ್ಟು ಅಂತ. ಆ ನೋಟ್‌ಬುಕ್ಕು ನಿಮ್ಮ ಮನ್ಯಾಗೈತಿ."

"ಅದರಾಗ ನನ್ನ ಸಹಿನೂ ಐತಿ."

"ಗೊತ್ತೈತ್ರಿ."

ಕಾಯಿದೆಯ ಹನ್ನೆರಡನೇ ಕಲಮು ಇಬ್ಬರಿಗೂ ಬಾಯಿಪಾಠ. ಲೇಖಕ ತಿಳಿಯದೆ ತಪ್ಪಿದ್ದರೆ ಆ ಒಂದು ಲೇಖನ ಮಾತ್ರ ಹೋಗುತ್ತದೆ. ತಿಳಿದೂ ಬಿಟ್ಟಿದ್ದರೆ ಅವನ ಹೆಸರಿರುವ ಎಲ್ಲ ಲೇಖನಗಳೂ ಇಪ್ಪತ್ತೊಂದು ದಿನ ತಡೆಯಲ್ಲಿರುತ್ತವೆ. ಆ ಅವಧಿಯಲ್ಲಿ ಒಂದೊಂದನ್ನೂ ಬೇರೆಯವರು ತಿರುವಿ ನೋಡುತ್ತಾರೆ. ಅಲ್ಲಿಯವರೆಗೆ ಯಂತ್ರ ಆ ಲೇಖನಗಳಿಗಿಂತ ಹಿಂದಿನ ಹಳೆಯ ಚಿಕಿತ್ಸಾಕ್ರಮಕ್ಕೆ ಮರಳುತ್ತದೆ. ಒಂದು ಸುಳ್ಳು ಹೇಳಿದವನ ಉಳಿದ ಮಾತನ್ನು ಹೇಗೆ ನಂಬುವುದು ಎಂಬುದು ಅದರ ತರ್ಕ. ಆ ತರ್ಕ ಬರೆದ ಸಮಿತಿಯಲ್ಲಿ ಕೊಣ್ಣೂರರೂ ಇದ್ದರು.

"ನೋಟ್‌ಬುಕ್ಕು ಇಲ್ಲದ ಬರೇ ಹಿಂತೆಗೆತ ಅಂದ್ರ?"

"ನಿಯೋರಿಸಿನ್ನೇ ನಿಲ್ತೈತ್ರಿ. ಹಳೇ ಔಷಧಕ್ಕ ಹೋಗ್ತೈತಿ. ಅದರಾಗ ನೂರಕ್ಕ ಮೂವತ್ತು ಸಾಯ್ತಿದ್ದು. ಔಷಧ ಚಲೋದೈತಿ, ಪ್ರಮಾಣ ತಪ್ಪೈತಿ. ಪ್ರಮಾಣ ತಿದ್ದಬೇಕಂದ್ರ ಗುರುತು ಬೇಕು."

ಕೊಣ್ಣೂರರು ಪರದೆಯ ಕೆಳಗಿನ 'ದಾಖಲೆ ಪರಿಶೀಲನೆ' ಎಂಬಲ್ಲಿ ಬೆರಳಿಟ್ಟರು. ಒಂದು ಸಲ ಮಾತ್ರ ಸಿಗುವ ಅವಕಾಶ ಅದು. ಸಂಜೆ ಐದರವರೆಗೆ ಸಮಯ ಸಿಕ್ಕಿತು.

*

ಮಧ್ಯಾಹ್ನ ಮನೆಗೆ ಬಂದಾಗ ಹೆಂಡತಿ ಅನಸೂಯಾ ಕರದಂಟಿಗೆ ಬೆಲ್ಲ ತೂಗುತ್ತಿದ್ದರು. ಮೊಮ್ಮಗಳ ಶಾಲೆಗೆ ಕಳಿಸಬೇಕಾದ್ದು.

"ಇಷ್ಟ್ ಲಗೂನ ಬಂದ್ರಿ? ಯಂತ್ರ ಕೆಟ್ಟೈತೇನು?"

"ಆ ಕುಂಚಿಗಿ, ಹದಿನಾರು ವರ್ಷದ ಹಿಂದ ನಿಮ್ಮ ಬಳಗದವ್ರು ಹೊಲದಿದ್ರಲ್ಲ, ಒಂದರ ಉಳದೈತೇನು?"

ಕುಂಚಿಗೆಗಳನ್ನು ಹೊಲಿದದ್ದು ಅನಸೂಯಾ ಮತ್ತು ಅವರ ಮಹಿಳಾ ಬಳಗದ ಹದಿನೆಂಟು ಮಂದಿ. ಅನಸೂಯಾ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋಗಿ ಟ್ರಂಕಿನಿಂದ ಒಂದನ್ನು ತಂದರು. ಮೊಮ್ಮಗಳಿಗೆ ಹಾಕಿ ತೆಗೆದಿಟ್ಟದ್ದು. ಹೊರಗೆ ನೇರಳೆ ಖಣ, ಅಂಚಿಗೆ ಕೆಂಪು ಪಟ್ಟಿ.

"ಬರೇ ಖಣ ಅಂದ್ಕೊಂಡ್ರಿ ಹೌದಲ್ಲ?" ಅಂದರು. "ಒಳಗ ಹಳೇ ಸೀರಿ ನಾಕು ಪದರು, ಕೌದಿ ಹಾಕಿದಂಗ ಹೊಲಿಗಿ. ಚಳಿಯಾಗ ಆಸ್ಪತ್ರಿ ಕೂಸು, ತೆಳ್ಳಗ ಹೊಲದ್ರ ಏನ್ ಬಂತು? ಕಾಶವ್ವ ಅಂತೂ ಐದು ಪದರು ಹಾಕ್ತೀನಿ ಅಂದ್ಲು, ನಾನ ಬ್ಯಾಡ ಅಂದೆ."

ಕೊಣ್ಣೂರರು ಬೆಲ್ಲದ ತಟ್ಟೆ ಇಳಿಸಿ, ತೂಕದ ಯಂತ್ರವನ್ನು ಸೊನ್ನೆಗೆ ತಂದು, ಕುಂಚಿಗೆಯನ್ನು ಮಡಿಚಿ ಇಟ್ಟರು.

ಇನ್ನೂರ ಎಂಬತ್ತೈದು.

ತೆಗೆದರು. ಮತ್ತೆ ಸೊನ್ನೆ ಮಾಡಿ ಇಟ್ಟರು. ಇನ್ನೂರ ಎಂಬತ್ತೈದು. ಮೂರನೆಯ ಸಲ ಇನ್ನೂರ ಎಂಬತ್ನಾಲ್ಕು. ಅಲ್ಲಿಗೆ ಬಿಟ್ಟು ನೆಲದ ಮೇಲೆ ಕೂತರು.

ಲೆಕ್ಕಕ್ಕೆ ಕಾಗದ ಬೇಕಿರಲಿಲ್ಲ. ಅಂದು ಸಾವಿರದ ಇನ್ನೂರೈವತ್ತು ಎಂದು ಬರೆದ ಕೂಸು ನಿಜದಲ್ಲಿ ಒಂಬೈನೂರ ಅರವತ್ತೈದು. ಬರೆದ ತೂಕಕ್ಕೆ ಕೊಟ್ಟ ಔಷಧ ಇಪ್ಪತ್ತೈದು ಮಿಲಿಗ್ರಾಂ. ಅಷ್ಟು ಕೊಟ್ಟದ್ದಕ್ಕೇ ಆ ಕೂಸುಗಳು ಉಳಿದವು. ಈಗ ಅರವತ್ತೊಂದು ಆಸ್ಪತ್ರೆಗಳಲ್ಲಿ ಅಂಥದೇ ಕೂಸನ್ನು ಬರಿಮೈಯಲ್ಲಿ, ಗ್ರಾಮೂ ತಪ್ಪದಂತೆ ತೂಗುತ್ತಾರೆ. ಕಿಲೋಕ್ಕೆ ಇಪ್ಪತ್ತರಂತೆ ಹತ್ತೊಂಬತ್ತು ಮಿಲಿಗ್ರಾಂ ಕೊಡುತ್ತಾರೆ. ಸುಮಾರು ನಾಲ್ಕನೇ ಒಂದು ಪಾಲು ಕಡಿಮೆ. ಮೂರು ಕಿಲೋದ ಕೂಸಿಗೆ ಈ ವ್ಯತ್ಯಾಸ ಹತ್ತರಲ್ಲಿ ಒಂದು ಪಾಲೂ ಬರುವುದಿಲ್ಲ, ಅದು ತಡೆದುಕೊಳ್ಳುತ್ತದೆ. ಸಾಯುವುದು ಸಣ್ಣವು.

"ಏನಾತು? ಯಾಕ ಹಂಗ ಕುಂತ್ರಿ?"

ಅವರು ಹೇಳಿದರು. ಮುಚ್ಚಿಡದೆ ಹೇಳಿದರು. ಕೇಳುತ್ತ ಕೇಳುತ್ತ ಅನಸೂಯಾ ಕುಂಚಿಗೆಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು.

"ನನ್ನ ಕೇಳಿದ್ರ ಆಗ ಹೇಳ್ತಿದ್ನಲ್ಲ, ಎಷ್ಟು ದಪ್ಪ ಐತಿ ಅಂತ," ಅಂದರು ಕೊನೆಗೆ. "ನಾನೂರ ಹದಿನೇಳು ಹಡದೀರಿ. ಒಂದರ ಮಾರಿನೂ ನೋಡಲಿಲ್ಲ ನೀವು."

"ಒಂದರದ್ದು ನೋಡೀನಿ."

ಯಾವುದೆಂದು ಅನಸೂಯಾಗೆ ಗೊತ್ತಿತ್ತು. ಮುನ್ನೂರ ಮೂವತ್ತೊಂದನೆಯದು, ಹಾವಿನದು. ಒಂಬತ್ತು ವರ್ಷ ಪ್ರತಿ ಹಂಗಾಮಿನಲ್ಲಿ ಕೊಣ್ಣೂರರು ಕಬ್ಬಿನ ಗದ್ದೆಯ ಗುಡಿಸಲುಗಳಲ್ಲಿ ಮಲಗಿ, ಕೊಳಕುಮಂಡಲ ಕಚ್ಚಿದವರ ರಕ್ತವನ್ನು ತಮ್ಮ ಕೈಯಿಂದಲೇ ತೆಗೆದು, ಗಂಟೆಗಂಟೆಗೂ ಬರೆದುಕೊಂಡದ್ದು. ಹಾವಿನ ವಿಷಕ್ಕೆ ಕೊಡುವ ಔಷಧದ ಮೊದಲ ಡೋಸಿನ ನಂತರ ಆರು ಗಂಟೆ ಕಾಯುವುದು ಹಳೆಯ ಕ್ರಮ. ಮೂರನೇ ಗಂಟೆಗೆ ರಕ್ತ ಹೆಪ್ಪುಗಟ್ಟುತ್ತದೆಯೇ ನೋಡಿ, ಗಟ್ಟದಿದ್ದರೆ ಅಲ್ಲಿಯೇ ಎರಡನೇ ಡೋಸ್ ಕೊಟ್ಟರೆ ಮೂತ್ರಪಿಂಡ ಉಳಿಯುತ್ತದೆ ಎಂದು ತೋರಿಸಿದ್ದು ಅವರು. ಅದರಲ್ಲಿ ಒಂದು ಅಂಕಿಯೂ ತಪ್ಪಿಲ್ಲ.

"ಹಾವಿಂದೂ ನಿಲ್ತೈತೇನು?"

"ಎಲ್ಲಾನೂ. ಅದೂ ಕಬ್ಬು ಕಡಿಯೋ ಹಂಗಾಮಿನಾಗ. ಇಪ್ಪತ್ತೊಂದು ದಿನಕ್ಕ ಹತ್ತು ಹನ್ನೆರಡು ಮಂದಿಗೆ ಕಚ್ತೈತಿ. ಹಳೇ ಕ್ರಮಕ್ಕ ಹೋದ್ರ ಅವರಾಗ ಮೂರು ನಾಕು ಮಂದಿ ಮೂತ್ರಪಿಂಡ ಹೋಗ್ತಾವ. ಒಬ್ಬರೋ ಇಬ್ಬರೋ ಸಾಯ್ತಾರ."

"ಕೂಸು?"

"ಅದಕ್ಕಿಂತ ಹೆಚ್ಚು. ಆದ್ರ..." ತಮ್ಮ ತಲೆಯೊಳಗೆ ಈಗ ನಡೆದದ್ದು ಎರಡು ಸಾವಿನ ತೂಕವೋ, ತಮ್ಮ ಹೆಸರಿನದೋ ಎಂಬುದು ಅವರಿಗೆ ಸ್ಪಷ್ಟವಿರಲಿಲ್ಲ.

ತಿಜೋರಿಯ ಕೆಳಗಿನ ಅರೆಯಲ್ಲಿ ನೋಟ್‌ಬುಕ್ ಇತ್ತು. ಹುಡುಕಬೇಕಾಗಲಿಲ್ಲ. ಅಂಕಣಗಳಲ್ಲಿ ಜುಬೇದಾರ ದುಂಡಗಿನ ಅಕ್ಷರ. ಮೊದಲ ನೂರ ನಲವತ್ತೆರಡು ಸಾಲಿನ ಮುಂದೆ 'ಕುಂ' ಎಂಬ ಗುರುತು. ಅಂಚಿನಲ್ಲಿ: 'ಕುಂಚಿಗೆ ಸಹಿತ ತೂಕ. ಕಳೆಯಬೇಕೆ?' ಅದರ ಕೆಳಗೆ ಹಸಿರು ಶಾಯಿಯಲ್ಲಿ ಅವರ ಉತ್ತರ: 'ಗಣನೀಯವಲ್ಲ. ವಿ.ಕೊ.'

ಅನಸೂಯಾ ಗಂಡನ ಭುಜದ ಮೇಲಿಂದ ಓದಿದರು. "ಇದನ್ನ ಅವಾಗ ಸುಟ್ಟು ಹಾಕಿದ್ರ ಈ ಗೋಳೇ ಇರ್ತಿದ್ದಿಲ್ಲ."

"ದಾಖಲೆ ಸುಡಬಾರದು."

"ಸುಡಬಾರದು ಅನ್ನೂದು ಗೊತ್ತಿತ್ತು. ತೋರಸಬೇಕು ಅನ್ನೂದು ಗೊತ್ತಿದ್ದಿಲ್ಲ, ಹೌದಲ್ಲ?"

ಊಟಕ್ಕೆ ಬಡಿಸಿದರು. ಅವರು ರೊಟ್ಟಿ ಮುರಿದರು, ತಿನ್ನಲಿಲ್ಲ.

*

ನಾಲ್ಕೂವರೆಗೆ ಹೊಣೆ ಕೊಠಡಿಯಲ್ಲಿ ಜುಬೇದಾ ಆಗಲೇ ಕೂತಿದ್ದರು. ಕೊಣ್ಣೂರರು ನೋಟ್‌ಬುಕ್ ಮೇಜಿನ ಮೇಲಿಟ್ಟು, ಅದರ ಮೇಲೆ ಕೈಯಿಟ್ಟುಕೊಂಡರು.

"ಇನ್ನೂರ ಎಂಬತ್ತೈದು ಗ್ರಾಮು," ಅಂದರು.

ಜುಬೇದಾ ಕಣ್ಣು ಮುಚ್ಚಿ ತೆರೆದರು. "ನಾನು ನೂರು ಇದ್ದೀತು ಅಂದ್ಕೊಂಡಿದ್ದೆ."

ಕೊಣ್ಣೂರರು ಯಂತ್ರವನ್ನು ಕೇಳಿದರು: "ಲೇಖನ ಮುನ್ನೂರ ಮೂವತ್ತೊಂದಕ್ಕೆ ವಿನಾಯಿತಿ ಇದೆಯೇ? ಅದರ ಮೂಲ ದಾಖಲೆಗಳನ್ನೆಲ್ಲ ಈಗಲೇ ಕೊಡುತ್ತೇನೆ."

"ವಿನಾಯಿತಿಗೆ ಅವಕಾಶವಿಲ್ಲ. ದಾಖಲೆಗಳನ್ನು ತಡೆಯ ಅವಧಿಯಲ್ಲಿ ಪರಿಶೀಲಿಸಲಾಗುವುದು."

"ತುರ್ತು ಇದ್ದರೆ?"

"ಜಿಲ್ಲಾ ಸಮಿತಿಯ ಮೂವರು ಸದಸ್ಯರ ಸಹಿಯಿಂದ ಒಬ್ಬ ರೋಗಿಗೆ ಒಂದು ಸಲ ವಿನಾಯಿತಿ ನೀಡಬಹುದು. ಸರಾಸರಿ ಅವಧಿ ಇಪ್ಪತ್ತಾರು ಗಂಟೆ."

"ಮೂರು ತಾಸಿನ ಮಾತಿಗೆ ಇಪ್ಪತ್ತಾರು ತಾಸು," ಅಂದರು ಅವರು, ಯಾರಿಗೂ ಅಲ್ಲದೆ. ನಂತರ ಮೆಲ್ಲಗೆ: "ಆ ಒಂದು ಪುಟ ಬಿಟ್ಟು ಉಳಿದದ್ದು ಕೊಟ್ರ?"

"ಪುಟ ಹರದಿದ್ದು ಅದಕ್ಕ ಗೊತ್ತಾಗ್ತೈತ್ರಿ. ಇಡೀ ನೋಟ್‌ಬುಕ್ಕನ್ನ ಒಲ್ಲೆ ಅಂತೈತಿ." ಜುಬೇದಾರ ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನವೂ ಮೂವತ್ತೆಂಟು ಲೇಖನ ಹೋಗ್ತಾವ್ರಿ ಸರ್. ಕಾಮಾಲೆ ಕೂಸಿನ ಮ್ಯಾಲ ಮಾಡಿದ್ದೂ ಅದರಾಗೈತಿ. ಅದು ನನ್ನ ಹಾವು ಅಂದ್ಕೋರಿ."

"ಹಂಗಿದ್ದೂ ಕೊಡು ಅಂತೀ."

ಅಷ್ಟರಲ್ಲಿ ಜುಬೇದಾರಿಗೆ ವಾರ್ಡಿನಿಂದ ಫೋನು ಬಂತು. ಕೇಳಿಸಿಕೊಂಡು, "ಟ್ಯೂಬ್ ಹಾಕ್ರಿ, ಬಂದೆ" ಎಂದಷ್ಟೇ ಹೇಳಿ ಎದ್ದು ನಿಂತರು.

"ಕೂಸಿನ ಉಸಿರು ನಿಂತಿತ್ತಂತ. ಮುಂದಿನ ಡೋಸು ಐದೂವರಿಗೆ. ಹತ್ತೊಂಬತ್ತು ಕೊಟ್ರ ಅದು ನಾಳೆ ಬೆಳಗು ನೋಡಂಗಿಲ್ಲ." ಬಾಗಿಲ ತನಕ ಹೋದವರು ತಿರುಗಿದರು. "ಹಾವು ಕಚ್ಚಬೇಕಾದ ಮಂದಿ ಇನ್ನೂ ಹೊಲದಾಗ ಅದಾರ, ಸರ್. ಕೂಸು ಇಲ್ಲೇ ಕೆಳಗೈತಿ."

ಅವರು ಹೋದ ಮೇಲೆ ಕೊಣ್ಣೂರರು ಆ ಮಾತಿನಲ್ಲಿ ತಪ್ಪು ಹುಡುಕಿದರು. ತಪ್ಪು ಇತ್ತು. ಹೊಲದಲ್ಲಿರುವವರೂ ಮನುಷ್ಯರೇ, ಕಣ್ಣಿಗೆ ಕಾಣದವರೆಂದು ಅವರ ಲೆಕ್ಕ ಕಡಿಮೆಯಾಗುವುದಿಲ್ಲ. ಬೇರೆ ಯಾರಾದರೂ ಲೇಖನದಲ್ಲಿ ಹೀಗೆ ಬರೆದಿದ್ದರೆ ಅವರು ಕೆಂಪು ಗೆರೆ ಎಳೆದು ವಾಪಸ್ ಕಳಿಸುತ್ತಿದ್ದರು. ಆದರೆ ಅವರನ್ನು ಹದಿನಾರು ವರ್ಷ ಕಾಪಾಡಿದ್ದು ಇಂಥ ಸರಿಯಾದ ತರ್ಕಗಳೇ. ಗಡಿಯಾರ ನಾಲ್ಕು ಐವತ್ತೆರಡು ತೋರಿಸುತ್ತಿತ್ತು. ಅವರು ನೋಟ್‌ಬುಕ್ ತೆರೆದು, ಮೊದಲ ಪುಟವನ್ನು ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಹಾಕಿದರು.

ಹನ್ನೊಂದು ಪುಟ. ಏಳನೆಯದಕ್ಕೆ ಯಂತ್ರ ನಿಂತಿತು.

"'ಗಣನೀಯವಲ್ಲ.' ಈ ಅಕ್ಷರ ಯಾರದು?"

"ನನ್ನದು."

"ಬರೆದಾಗ ತೂಕದ ವ್ಯತ್ಯಾಸ ನಿಮಗೆ ತಿಳಿದಿತ್ತೇ?"

"ವ್ಯತ್ಯಾಸ ಇದೆ ಎಂದು ತಿಳಿದಿತ್ತು. ಎಷ್ಟೆಂದು ತಿಳಿಯುವ ಗೋಜಿಗೆ ಹೋಗಲಿಲ್ಲ. ಇವತ್ತು ಒಂದು ಕುಂಚಿಗೆ ತೂಗಿದೆ, ಇನ್ನೂರ ಎಂಬತ್ತೈದು ಗ್ರಾಂ."

"ದಾಖಲಿಸಲಾಗಿದೆ."

ಐದು ಹನ್ನೊಂದಕ್ಕೆ ಪ್ರಮಾಣ ಬದಲಾಯಿತು. ಅರವತ್ತೊಂದು ಆಸ್ಪತ್ರೆಗಳ ಕಪಾಟುಗಳಲ್ಲಿ ಸಣ್ಣ ಕೂಸುಗಳಿಗೆ ನಿಯೋರಿಸಿನ್ ಕಿಲೋಕ್ಕೆ ಇಪ್ಪತ್ತಾರು. ಐದು ಹದಿನಾಲ್ಕಕ್ಕೆ ಪರದೆಯ ಮೇಲೆ ಅವರ ನಾನೂರ ಹದಿನೇಳು ಲೇಖನಗಳ ಪಟ್ಟಿ ಬಂತು. ಒಂದೊಂದರ ಮುಂದೂ 'ತಡೆ' ಎಂದು ಬೀಳುತ್ತ ಹೋಯಿತು. ಆಡಿನ ಹುಳುವಿಗೂ ಬಿತ್ತು, ಹಲ್ಲಿನ ಕಲೆಗೂ ಬಿತ್ತು. ಮುನ್ನೂರ ಮೂವತ್ತೊಂದು ಬಂದಾಗ ಅವರು ಪರದೆಯನ್ನು ನೋಡುತ್ತಲೇ ಇದ್ದರು.

*

ಬುಧವಾರ ಏನೂ ಆಗಲಿಲ್ಲ. ಕೂಸು ಉಸಿರಾಡುತ್ತಿದೆ, ಇನ್ನೂ ಹಾಲು ಮುಟ್ಟಿಲ್ಲ ಎಂದು ಜುಬೇದಾ ಸಂದೇಶ ಕಳಿಸಿದರು. ಸಂಸ್ಥೆಯವರು ಕೊಣ್ಣೂರರ ಕೊಠಡಿಯ ಹೆಸರಿನ ಫಲಕ ತೆಗೆಸಿದರು.

ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ಅವರ ಫೋನಿಗೆ ಸೂಚನೆ ಬಂತು. ತಡೆಯಲ್ಲಿರುವ ಲೇಖಕನಿಗೂ ಯಂತ್ರ ಸೂಚನೆ ಕಳಿಸುವುದನ್ನು ನಿಲ್ಲಿಸುವುದಿಲ್ಲ. 'ಲೇಖನ ೩೩೧ ಅನ್ವಯಿಸಬೇಕಿದ್ದ ಪ್ರಕರಣ. ತಡೆಯ ಕಾರಣ ಹಳೆಯ ಕ್ರಮ ಅನ್ವಯ. ಹೆಣ್ಣು, ೩೪ ವರ್ಷ. ಮೊದಲ ಡೋಸ್ ೧೦.೦೫.' ಕೆಳಗೆ ತಾಲ್ಲೂಕು ಆಸ್ಪತ್ರೆಯ ಹೆಸರು. ಅವರು ಕಾರಿನ ಕೀಲಿ ತೆಗೆದುಕೊಂಡರು. ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ಸಾಗಿ ಮುಟ್ಟುವಾಗ ಹನ್ನೆರಡಾಗಿತ್ತು.

ವಾರ್ಡಿನಲ್ಲಿದ್ದ ಡಾಕ್ಟರ್ ನಿಂಗರಾಜ ಇನ್ನೂ ಮೂವತ್ತು ದಾಟದವನು. ಅವರನ್ನು ಕಂಡು ಎದ್ದು ನಿಂತ. ಓದಿದ್ದೆಲ್ಲ ಅವರ ಕೈಕೆಳಗೇ. ಹಾಸಿಗೆಯ ಮೇಲೆ ಮಾಳವ್ವ ಎಂಬ ಹೆಂಗಸು ಮಲಗಿದ್ದಳು. ಇಂಡಿ ಕಡೆಯಿಂದ ಕಬ್ಬು ಕಡಿಯಲು ಬಂದ ಗುಂಪಿನವಳು. ಎಡಗಾಲು ಮೊಣಕಾಲಿನವರೆಗೆ ಬಾತಿತ್ತು. ಒಸಡಿನಲ್ಲಿ ರಕ್ತ ಜಿನುಗುತ್ತಿತ್ತು. ಗಂಡ ಪರಸಪ್ಪ ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತಿದ್ದ.

ಮೂರನೇ ಗಂಟೆಗೆ ನಿಂಗರಾಜ ಗಾಜಿನ ನಳಿಗೆಯಲ್ಲಿ ರಕ್ತ ತೆಗೆದು, ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟ. ಕೊಣ್ಣೂರರು ತಾವೇ ಅದನ್ನು ವಾಲಿಸಿ ನೋಡಿದರು. ರಕ್ತ ನೀರಿನಂತೆ ಹರಿಯಿತು.

"ಈಗ ಕೊಡಬೇಕು," ಅಂದರು.

"ಗೊತ್ತೈತ್ರಿ ಸರ್. ನೀವ ಕಲಿಸಿದ್ದು." ನಿಂಗರಾಜ ಕಪಾಟಿನ ಕಡೆ ನೋಡಿದ. ಗಾಜಿನ ಬಾಗಿಲಿನ ಹಿಂದೆ ಔಷಧದ ಬಾಟಲಿಗಳು ಸಾಲಾಗಿ ಕಾಣುತ್ತಿದ್ದವು. "ನಾಕು ಗಂಟಿ ಐದು ನಿಮಿಷದ ತನಕ ತೆರೆಯಂಗಿಲ್ಲ. ಸಮಿತಿಗೆ ಬರದೀನಿ. ಒಬ್ಬರು ಸಹಿ ಹಾಕ್ಯಾರ, ಇನ್ನಿಬ್ಬರು ಮೀಟಿಂಗಿನಾಗ ಅದಾರ."

"ಗಾಜು ಒಡದ್ರ?"

"ಹೋದ ವರ್ಷ ಒಬ್ಬರು ಒಡದ್ರಿ. ಒಳಗಿನ ತಂಪು ಪೆಟ್ಟಿಗಿ ತನ್ನಷ್ಟಕ್ಕ ತಾ ಔಷಧ ಚೆಲ್ತೈತಿ. ಕಳವು ಆಗಬಾರದಂತ ಹಂಗ ಮಾಡ್ಯಾರ."

ಪರಸಪ್ಪ ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಎದ್ದು ಕೊಣ್ಣೂರರ ಹತ್ತಿರ ಬಂದ. "ಯಜಮಾನ್ರ, ನೀವು ದೊಡ್ಡ ಡಾಕ್ಟರ್ ಏನ್ರಿ?"

"ಹೌದು."

"ಔಷಧ ಇಲ್ಲೇನ್ರಿ?"

"ಐತಿ. ಅಗಾ ಅಲ್ಲೇ ಐತಿ."

"ಮತ್ಯಾಕ ಕೊಡವಲ್ರಿ? ರೊಕ್ಕದ ಮಾತೇನ್ರಿ? ನಮ್ಮ ಗುಂಪಿನ ಮುಕಾದಮ್ ಬರ್ತಾನ, ಅಂವ ಕೊಡ್ತಾನ..."

"ರೊಕ್ಕದ ಮಾತಲ್ಲಪ್ಪ." ಕೊಣ್ಣೂರರು ನಿಂಗರಾಜನ ಕಡೆ ನೋಡಲಿಲ್ಲ. "ಹಾವು ಕಡದ್ರ ಇಂಥಾ ಹೊತ್ತಿಗೆ ಔಷಧ ಕೊಡ್ರಿ ಅಂತ ಬರದಾಂವ ನಾನು. ಬ್ಯಾರೆ ಒಂದು ಕಡೆ ಸಣ್ಣ ಕೂಸಿನ ವಿಷಯದಾಗ ಗೊತ್ತಿದ್ದೂ ತಪ್ಪು ಬರದಿದ್ದೆ. ಮೊನ್ನೆ ಒಪ್ಪಿಕೊಂಡೆ. ಅದಕ್ಕ ನನ್ನ ಮಾತು ಯಾವುದೂ ನಡ್ಯಂಗಿಲ್ಲ ಅಂತ ಆ ಕಪಾಟು ಮುಚ್ಚೈತಿ."

ಪರಸಪ್ಪ ಕಪಾಟಿನ ಕಡೆ ನೋಡಿ ಅವರ ಕಡೆ ತಿರುಗಿದ. "ನಾಕು ದಿನ ಬಿಟ್ಟು ಒಪ್ಪಿಕೊಂಡಿದ್ರ ಆಗ್ತಿದ್ದಿಲ್ಲೇನ್ರಿ?" ಅಂದ.

ಹದಿನಾರು ವರ್ಷ ಮೊದಲೇ ಒಪ್ಪಿಕೊಂಡಿದ್ದರೆ ಎಂಬ ಇನ್ನೊಂದು ಪ್ರಶ್ನೆ ಅವನಿಗೆ ಹೊಳೆಯದಿದ್ದುದು ಕೊಣ್ಣೂರರ ಪುಣ್ಯ.

ಎರಡು ಗಂಟೆಯ ಮೇಲೆ ಮೂತ್ರದ ಚೀಲಕ್ಕೆ ಬರುತ್ತಿದ್ದ ಕಂದು ಹನಿಗಳು ನಿಧಾನವಾದವು. ಎರಡೂವರೆಗೆ ನಿಂತವು. ನಾಲ್ಕು ಗಂಟೆ ಐದು ನಿಮಿಷಕ್ಕೆ ಕಪಾಟು ಕಟ್ ಎಂದು ತೆರೆದುಕೊಂಡಿತು. ನಿಂಗರಾಜ ಓಡಿ ಹೋಗಿ ಔಷಧ ತಂದು ಏರಿಸಿದ. ಒಸಡಿನ ರಕ್ತ ಆರಕ್ಕೆ ನಿಂತಿತು. ಮೂತ್ರದ ಚೀಲಕ್ಕೆ ಮಾತ್ರ ಮತ್ತೆ ಹನಿಯೂ ಬರಲಿಲ್ಲ.

"ಬಾಗಲಕೋಟೆಗೆ ಒಯ್ಯಬೇಕು, ಡಯಾಲಿಸಿಸ್‌ಗೆ," ಅಂದ ನಿಂಗರಾಜ.

ಅಂಬುಲೆನ್ಸಿಗೆ ಹತ್ತಿಸುವಾಗ ಕೊಣ್ಣೂರರು ಪಕ್ಕಕ್ಕೆ ಸರಿದು ನಿಂತರು. ಒಳಗೆ ಹತ್ತಿದ ಪರಸಪ್ಪ ಬಾಗಿಲು ಹಿಡಿದುಕೊಂಡು ಅವರ ಕಡೆ ತಿರುಗಿದ.

"ಅಲ್ಲೇ ಯಾಕ ನಿಂತ್ರಿ? ಬರ್ರಿ. ಅಲ್ಲಿ ಡಾಕ್ಟರು ಏನಂತಾರ, ನನಗ ತಿಳಿಯಂಗಿಲ್ಲ. ಈಕೀ ಬಲ್ಲಿ ಇಬ್ಬರರ ಕುಂದ್ರಬೇಕು."

ಅವರು ಹತ್ತಿದರು. ಹಳೆಯ ಗಾಡಿ. ಮೂತ್ರದ ಚೀಲ ಸಿಕ್ಕಿಸುವ ಕೊಕ್ಕೆ ಮುರಿದಿತ್ತು. ನಿಂಗರಾಜ ಅದನ್ನು ಅವರ ಕೈಗೆ ಕೊಟ್ಟು, ಹಾಸಿಗೆಗಿಂತ ಕೆಳಗೆ ಹಿಡಿಯಬೇಕು ಸರ್, ಎಂದು ಹೇಳಿ ಬಾಗಿಲು ಹಾಕಿದ. ಕೊಣ್ಣೂರರು ಕಾಲ ಹತ್ತಿರ ಬಗ್ಗಿ ಕೂತು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡರು. ರಸ್ತೆ ಕೆಟ್ಟಿತ್ತು, ಮುಂದೆ ಟ್ರ್ಯಾಕ್ಟರುಗಳಿದ್ದವು. ಬಾಗಲಕೋಟೆ ಮುಟ್ಟುವವರೆಗೂ ಚೀಲ ಹಗುರವಾಗಿಯೇ ಇತ್ತು.